ಕಣ್ಣೆದುರು ಬಿದ್ದ ಹತ್ತು ಹನಿ

ಢಣ್, ಢಣ್, ಢಣ್. ಹಾಲಿನ ಕ್ಯಾನು ಕಟ್ಟಿದ ಬೈಕುಗಳು ಗೋಡೆಯಾಚೆ ಹಾದಾಗಲೆಲ್ಲ ಸಬ್-ಜೈಲಿನ ಒಳಗಿನಿಂದ ಒಬ್ಬ ತನ್ನ ತಾಟನ್ನು ಸರಳಿಗೆ ಬಡಿಯುತ್ತಿದ್ದ. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅದು 2007. ನಾನಾಗ ಸರ್ಕಾರಿ ಸೈಕಿಯಾಟ್ರಿಸ್ಟ್; ಅಲ್ಲಿನವರ ಬಾಯಲ್ಲಿ ‘ಬಾಯಾರು’, ಅಂದರೆ ಡಾಕ್ಟರಮ್ಮ. ಚಿಕ್ಕೋಡಿ ಕಡೆಯ ಆ ಸಬ್-ಜೈಲಿಗೆ ವಾರಕ್ಕೊಮ್ಮೆ ನನ್ನ ವಿಸಿಟ್ ಇರುತ್ತಿತ್ತು.

ತಾಟು ಬಡಿಯುತ್ತಿದ್ದವನು ಬಾಳಪ್ಪ. ಸದಲಗಾ ಹತ್ತಿರದ ಹಳ್ಳಿಯ ಡೇರಿಯಲ್ಲಿ ಹಾಲು ಅಳೆದು ಪರೀಕ್ಷಿಸುವ ಕೆಲಸ ಅವನದು. ‘ಅಣ್ಣ ಹಾಲಿಗೆ ವಿಷ ಹಾಕುತ್ತಾನೆ’ ಎಂದು ಕಿವಿಯಲ್ಲಿ ಯಾರೋ ಹೇಳಿದಂತಾಗಿ, ಕ್ಯಾನಿನ ಮುಚ್ಚಳದಿಂದ ಹೊಡೆದು ಅಣ್ಣನ ಕೈ ಮುರಿದಿದ್ದ. ಡಯಾಗ್ನೋಸಿಸ್, ಸ್ಕಿಜೋಫ್ರೇನಿಯಾ. ಕೋರ್ಟು ನನ್ನಿಂದ ತಿಳಿಯಬಯಸಿದ್ದು ಒಂದೇ: ಈತ ‘ಫಿಟ್ ಟು ಸ್ಟ್ಯಾಂಡ್ ಟ್ರಯಲ್’ ಹೌದೋ ಅಲ್ಲವೋ? ಅಂದರೆ, ತನ್ನ ಮೇಲಿನ ಆರೋಪ ತಿಳಿದು ಉತ್ತರ ಕೊಡಬಲ್ಲನೇ? ಇಲ್ಲವಾದರೆ ಕೇಸು ನಿಂತಲ್ಲೇ ನಿಲ್ಲುತ್ತಿತ್ತು. ಬಿಡುಗಡೆಯ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಮಾತ್ರೆ ಕೊಟ್ಟರೆ ಉಗುಳುತ್ತಿದ್ದ. ನಾನು ವೆರಿ ಕ್ಲೆವರ್! ಬಣ್ಣ, ರುಚಿ ಇಲ್ಲದ ಹನಿ ಔಷಧವನ್ನು ಚಹಾದಲ್ಲಿ ಬೆರೆಸಿ ಕೊಡಿ ಎಂದು ಬರೆದೆ. ನಾಲ್ಕನೇ ದಿನಕ್ಕೆ ಅವನು ಚಹಾ ಬಿಟ್ಟ. ಆಮೇಲೆ ಊಟವನ್ನೂ ಬಿಟ್ಟ.

“ಬಾಯಾರ, ಇಂವಾ ಹಿಂಗ ಸಾಯತಾನ್ರಿ,” ಎಂದರು ಕಾವಲಿನ ಜಮಾದಾರರು.

ಸರಳಿನ ಮುಂದೆ ಕುಳಿತು ಬಾಳಪ್ಪನನ್ನೇ ಕೇಳಿದೆ. ಸರಳಿನ ಹತ್ತಿರ ಸರಿದು ಹೇಳಿದ: “ಎಲ್ಲಾರಿಗೂ ಕಣ್ಣಮುಂದ ಕಿಟ್ಲಿಯಿಂದ ಹಾಕ್ತಾರ. ನಂದೊಂದ ಗ್ಲಾಸ್ ಒಳಗಿಂದ ತುಂಬಿ ಬರತೈತಿ. ಕಣ್ಣಮರಿಗಿ ಅಳದ ಹಾಲು ಡೇರ್ಯಾಗ ನಾ ಎಂದೂ ತಗೊಂಡಾಂವ ಅಲ್ಲ.”

“ಔಷಧ ಹಾಕಿಸಿದ್ದು ನಾನೇ, ಬಾಳಪ್ಪ. ಸಾರಿ. ತಪ್ಪು ನನ್ನದು.”

“ಎಷ್ಟ ಹನಿ?”

“ಹತ್ತು.”

“ಬಾಟ್ಲಿ ತರ್ರಿ. ನಾ ನೋಡಬೇಕು.”

ಅವನ ಡೇರಿಯ ನಿಯಮವೇ ನಮ್ಮ ಟ್ರೀಟ್‌ಮೆಂಟಿನ ನಿಯಮವಾಯಿತು. ಹೊಸ ಬಾಟಲಿಯ ಸೀಲನ್ನು ಅವನೇ ಒಡೆದ. ಅವನೇ ತೊಳೆದ ಗ್ಲಾಸಿಗೆ ನಾನು ಹನಿ ಎಣಿಸಿ ಹಾಕಿದೆ. ನೋಟ್‌ಬುಕ್ಕಿನಲ್ಲಿ ಅವನ ಸಹಿ, ಕೆಳಗೆ ನನ್ನದು. ನಾನಿಲ್ಲದ ದಿನಗಳಲ್ಲಿ ಜಮಾದಾರರು ಎಣಿಸುತ್ತಿದ್ದರು.

“ಜೈಲಿನ್ಯಾಗ ಡೇರಿ ತಗದ್ರಲ್ರಿ ಬಾಯಾರ!” ಎಂದು ಅವರು ನಕ್ಕರೆ, ಬಾಳಪ್ಪ ಕಣ್ಣು ಕೀಳದೆ, “ಹನ್ನೊಂದನೇದು ಬಿತ್ತಂದ್ರ ಮಾಲ್ ವಾಪಸ್ ನೋಡ್ರಿ,” ಎನ್ನುತ್ತಿದ್ದ.

ಊಟ ಮರಳಿತು. ವಾರಗಳು ಕಳೆದಂತೆ ತಾಟಿನ ಸದ್ದು ನಿಂತಿತು. ನಾನು ‘ಫಿಟ್’ ಎಂದು ಬರೆದುಕೊಟ್ಟೆ.

ಕೋರ್ಟಿನಲ್ಲಿ ನ್ಯಾಯಾಧೀಶರು ಆರೋಪ ಓದಿಸಿ, ಅರ್ಥವಾಯಿತೇ ಎಂದರು. ಬಾಳಪ್ಪ ಕಟಕಟೆಯಲ್ಲಿ ಕೈ ಮುಗಿದ.

“ತಿಳೀತ್ರಿ ಸಾಹೇಬ್ರ. ಅಣ್ಣನ ಕೈ ಮುರದೇನಿ. ವಿಷ ಇದ್ದದ್ದು ಹಾಲಿನ್ಯಾಗ ಅಲ್ರಿ, ನನ್ನ ತಲಿಯಾಗ.”

ಜಾಮೀನಿಗೆ ನಿಂತವನು ಆ ಅಣ್ಣನೇ. ವಾಸಿಯಾದ ಕೈಯಿಂದಲೇ ರುಜು ಮಾಡಿದ. ನಾನು ಓದಿದ ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿನಂತೆ ಚಪ್ಪಾಳೆ ತಟ್ಟಬೇಕೆನಿಸಿತು. ಕೋರ್ಟೆಂದು ಕೈ ಕಟ್ಟಿಕೊಂಡೆ.

ಬೀಗದೊಳಗಿನ ರೋಗಿಗೂ ತನ್ನ ಗ್ಲಾಸಿಗೆ ಏನು ಬೀಳುತ್ತಿದೆ ಎಂದು ನೋಡುವ ಹಕ್ಕಿದೆ. ಯಾವ ಟೆಕ್ಸ್ಟ್‌ಬುಕ್ಕೂ ಇದನ್ನು ನನಗೆ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಅವನನ್ನು ಕೊನೆಯ ಬಾರಿ ನೋಡಿದ್ದು ನಾನು ರಿಟೈರಾದ ವರ್ಷ, ಅದೇ ಡೇರಿಯಲ್ಲಿ. ಸಾಲಿನಲ್ಲಿ ಅಣ್ಣ ಕ್ಯಾನು ಹಿಡಿದು ನಿಂತಿದ್ದ. ಬಾಳಪ್ಪ ಕಿಟ್ಲಿಯನ್ನೂ ಎರಡು ಖಾಲಿ ಗ್ಲಾಸುಗಳನ್ನೂ ತಂದು, ನನ್ನೆದುರೇ ತೊಳೆದ.

“ನೋಡ್ಕೋರಿ, ಬಾಯಾರ,” ಎಂದು ಚಹಾ ಸುರಿದ.