ನೀವು ಇವರಿಗೆ ಏನಾಗಬೇಕು?

ಬೆಂಗಳೂರಿನ ಪುಟ್ಟೇನಹಳ್ಳಿಯ ಈ ಮನೆಗೆ ಬಾಡಿಗೆಗೆ ಬಂದ ದಿನವೇ ಕೆಳಗಿನ ಮನೆಯ ಓನರಮ್ಮ ನನ್ನ ಗೋಡೆಯ ಮೇಲಿನ ಶಿಲುಬೆ ನೋಡಿ, "ಓ, ತಮಿಳ್ನವ್ರಾ? ಕನ್ನಡ ಎಷ್ಟ್ ಚೆನ್ನಾಗಿ ಕಲ್ತಿದೀರ ಕಣ್ರೀ!" ಎಂದು ಮೆಚ್ಚಿಕೊಂಡರು. ನಾನು ಗದಗಿನವಳು. ಅಜ್ಜನ ಕಾಲದಿಂದಲೂ ನಮ್ಮ ಮನೆಯವರು ದೇವರ ಹತ್ತಿರ ಬೇಡಿಕೊಂಡದ್ದೂ ಜಗಳವಾಡಿದ್ದೂ ಕನ್ನಡದಲ್ಲೇ. ಹಾಗಂತ ಹೇಳಿದೆ. "ನಿಮ್ ಕನ್ನಡ ಒಂಥರಾ ಇದ್ಯಲ್ಲಾ, ಅದ್ಕೇ ಅನ್ಕೊಂಡೆ" ಎಂದು ನಕ್ಕರು. ಒಳ್ಳೆಯ ಹೆಂಗಸು. ಯುಗಾದಿಗೆ ತಪ್ಪದೆ ಒಬ್ಬಟ್ಟು ಕಳಿಸುತ್ತಾರೆ. ತಟ್ಟೆ ವಾಪಸ್ ಕೊಡಲು ಹೋದರೆ ಮಾತ್ರ ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ.

ನಾನು ಹೆಬ್ಬಾಳದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಇದ್ದ ಒಬ್ಬ ಅಣ್ಣ ತೀರಿಕೊಂಡ ಮೇಲೆ ಊರಿಗೆ ಹೋಗಲು ನೆವವೂ ಉಳಿಯಲಿಲ್ಲ. ಕೆಲಸವಿದ್ದಾಗ ದಿನವಿಡೀ ಜನರ ಕಾಟ ಎಂದು ಗೊಣಗುತ್ತಿದ್ದೆ. ಈಗ ಮಧ್ಯಾಹ್ನ ಗ್ಯಾಸಿನವನು ಬಂದು ಬೆಲ್ ಮಾಡಿದರೆ, ಬೆಳಗಿನಿಂದ ಮಾತಾಡದ ಗಂಟಲಿನಿಂದ ದನಿಯೇ ಹೊರಡುವುದಿಲ್ಲ. ಅವನು ನನ್ನನ್ನು ಕಾಯಿಲೆಯವಳೆಂದು ತಿಳಿದಿದ್ದಾನೆ.

ಭಾನುವಾರ ಒಂದೇ ಆಸರೆ. ನಮ್ಮ ಚರ್ಚಿನಲ್ಲಿ ಕನ್ನಡದ ಆರಾಧನೆ ಎಲ್ಲಕ್ಕಿಂತ ಮೊದಲು, ಊರು ಇನ್ನೂ ಹಲ್ಲುಜ್ಜುತ್ತಿರುವ ಹೊತ್ತಿಗೆ. ಹತ್ತು ಹನ್ನೆರಡು ಜನ ಬರುತ್ತೇವೆ, ಬೆಂಚಿಗೊಬ್ಬರಂತೆ ಕೂರುತ್ತೇವೆ. ಕಡೆಯ ಕೀರ್ತನೆ ಮುಗಿಯುವ ಮೊದಲೇ ಇಂಗ್ಲಿಷ್ ಆರಾಧನೆಯವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಪರದೇಶಿಗಳಿಗೆ ದಯೆ ತೋರಬೇಕೆಂದು ಪಾದ್ರಿ ಅಯ್ಯನವರು ಬಹಳ ಚೆನ್ನಾಗಿ ಪ್ರಸಂಗ ಮಾಡುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಒಳಗೊಳಗೇ, 'ಅಯ್ಯಾ, ಪರದೇಶಿ ಇಲ್ಲೇ ಮೂರನೇ ಬೆಂಚಿನಲ್ಲಿ ಕೂತಿದ್ದಾಳಲ್ಲ, ಒಂದು ಲೋಟ ಚಹಾಕ್ಕೆ ಕರೆಯಬಾರದೇ' ಅನ್ನಿಸುತ್ತದೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಕೈಕುಲುಕಿ ಸ್ಕೂಟರ್ ಹತ್ತುತ್ತಾರೆ. ನಾನು ಬಸ್ ಹತ್ತುತ್ತೇನೆ. ಬಸ್ಸಿನಲ್ಲಿ ಕೂತಾಗೆಲ್ಲ ಒಂದೇ ಭಯ: ನಾಳೆ ನಾನು ಎಲ್ಲಾದರೂ ಬಿದ್ದರೆ, ನಮ್ಮವಳು ಅನ್ನಲು ಒಬ್ಬರೂ ಬರುವುದಿಲ್ಲ.

ನಮ್ಮ ಬೀದಿಗೆ ಹಳೇ ಪೇಪರು, ಬಾಟಲಿ, ಪ್ಲಾಸ್ಟಿಕ್ ಆಯಲು ಒಬ್ಬಳು ಸೈಕಲ್ ಗಾಡಿ ತಳ್ಳಿಕೊಂಡು ಬರುತ್ತಾಳೆ. ಪಕ್ಕದ ಸಿಂಗಾಪುರ ಬಡಾವಣೆಯ ಕಡೆ ಖಾಲಿ ಸೈಟೊಂದರಲ್ಲಿ ತಗಡಿನ ಶೆಡ್ಡುಗಳಿವೆ, ಅಲ್ಲಿ ವಾಸ. ಬಂಗಾಳದವಳು, ಮುಸಲ್ಮಾನಳು, ನಲವತ್ತರ ಆಸುಪಾಸು. "ಬಾಂಗ್ಲಾದವ್ರು ಕಣ್ರೀ, ಗೇಟ್ ಒಳಗ್ ಬಿಡ್ಬೇಡಿ" ಎಂದು ಓನರಮ್ಮ ಎಚ್ಚರಿಸಿದ್ದರು. ನಾನು ಬಿಡಲಿಲ್ಲ. ಆದರೆ ಗೇಟಿನಲ್ಲಿ ನಿಂತು ಮಾತಾಡಿಸಿದೆ, ಅದೂ ಹಟದಿಂದ. ಅವಳು ಹಿಂದಿಯಲ್ಲಿ ಶುರು ಮಾಡಿದಳು. "ನನಗ ಹಿಂದಿ ಬರೂದಿಲ್ಲವಾ, ಕನ್ನಡದಾಗ ಹೇಳು" ಅಂದೆ. ಹಿಂದಿ ನನಗೆ ಚೆನ್ನಾಗಿಯೇ ಬರುತ್ತದೆ. ಕನ್ನಡದಲ್ಲಿ ಮಾತಾಡಲು ಒಂದು ಜೀವ ಬೇಕಿತ್ತು, ಅಷ್ಟೇ. ಹೀಗೆ ವಾರಕ್ಕೆರಡು ಸಲ ಗೇಟಿನಲ್ಲೇ ಪಾಠವಾಗಿ, ಬಂಗಾಳದವಳ ಬಾಯಲ್ಲಿ ಗದಗಿನ ಕನ್ನಡ ಬಂತು. "ಅಕ್ಕಾರ, ಚೀಲ ಕೊಡ್ರಿ", "ನಾಳಿ ಬರ್ತೀನ್ರಿ" ಅನ್ನುತ್ತಾಳೆ. ಬೀದಿಯವರಿಗೆ ನಗು. ನಮ್ಮಿಬ್ಬರದೂ ಒಂಥರಾ ಕನ್ನಡವೇ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸರು ಆ ಶೆಡ್ಡುಗಳಿಗೆ ಬಂದು ಕಾಗದಪತ್ರ ಕೇಳಿದರು. ಎರಡು ಸಂಸಾರಗಳನ್ನು ವಿಚಾರಣೆಗೆಂದು ಕರೆದುಕೊಂಡು ಹೋದರು. ಇವಳ ಬಳಿ ಗುರುತಿನ ಕಾರ್ಡು ಇದೆ, ನನಗೇ ತೋರಿಸಿದ್ದಳು. ಆದರೂ ಅಂದಿನಿಂದ ಖಾಕಿ ಕಂಡರೆ ಗಾಡಿ ತಿರುಗಿಸಿ ಬೇರೆ ಬೀದಿ ಹಿಡಿಯುತ್ತಿದ್ದಳು.

ಅದಾದ ಕೆಲವು ದಿನಗಳಿಗೆ, ಕೆರೆಯ ಕಡೆ ನಡೆದಾಡಿ ಬರುತ್ತಿದ್ದ ನನಗೆ ರಾಂಗ್ ಸೈಡಿನಿಂದ ಬಂದ ಬೈಕೊಂದು ತಾಗಿತು. ಬೈಕಿನವನು ನಿಲ್ಲಲಿಲ್ಲ. ಚರಂಡಿಯ ಕಲ್ಲಿಗೆ ತಲೆ ಬಡಿದು ಬಿದ್ದೆ. ಎಡಗೈ ಮೈಯಡಿ ಸಿಕ್ಕಿತ್ತು, ಎತ್ತಲಾಗಲಿಲ್ಲ. ಭಾನುವಾರದ ಶಾಲೆಯಲ್ಲಿ ಎಷ್ಟೋ ವರ್ಷ ಮಕ್ಕಳಿಂದ ಸಮಾರ್ಯದವನ ಆಟ ಆಡಿಸಿದವಳು ನಾನು. ಯೇಸು ಹೇಳಿದ ಆ ಕಥೆಯಲ್ಲಿ, ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕ, ಲೇವಿಯ ಎಂಬ ದೇವಾಲಯದವರು ಕಂಡೂ ಹಾದುಹೋಗುತ್ತಾರೆ; ಎತ್ತಿ ಉಪಚರಿಸುವವನು ಪರಕೀಯನಾದ ಸಮಾರ್ಯದವನು. ಎಲ್ಲ ಮಕ್ಕಳಿಗೂ ಸಮಾರ್ಯದವನ ಪಾತ್ರವೇ ಬೇಕು. ಪೆಟ್ಟು ತಿಂದು ದಾರಿಯಲ್ಲಿ ಬೀಳುವ ಪಾತ್ರ ಯಾರಿಗೂ ಬೇಡ. ನನಗೂ ಬೇಡವಾಗಿತ್ತು ಎಂದು ಅಲ್ಲಿ ಬಿದ್ದುಕೊಂಡೇ ಗೊತ್ತಾಯಿತು. ಹಾದುಹೋದವರು ಯಾಜಕರೂ ಅಲ್ಲ, ಲೇವಿಯರೂ ಅಲ್ಲ; ಆಫೀಸಿಗೆ ತಡವಾದ, ನಮ್ಮ ನಿಮ್ಮಂಥ ಜನ. ಕೆಲವರು ನಿಂತು ನೋಡಿ, "ಅಯ್ಯೋ ಪಾಪ, ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡಿ" ಎಂದು ಹೇಳಿ ಹೋದರು.

ಆಗ ಹತ್ತಿರದಲ್ಲಿ ಬಾಟಲಿಗಳ ಸದ್ದಾಯಿತು. "ಅಕ್ಕಾರ! ಏನಾತ್ರಿ?" ಅವಳು ಗಾಡಿಯನ್ನು ತುಂಬಿದ ಚೀಲಗಳ ಸಮೇತ ರಸ್ತೆಯಲ್ಲೇ ಬಿಟ್ಟು, ತನ್ನ ದುಪಟ್ಟಾ ಬಿಚ್ಚಿ ನನ್ನ ತಲೆಗೆ ಕಟ್ಟಿದಳು. ಆಟೋದವನು ರಕ್ತ ನೋಡಿ ಒಲ್ಲೆ ಎಂದ. ಅವನ ಹ್ಯಾಂಡಲ್ ಹಿಡಿದು ಬಂಗಾಳಿಯಲ್ಲಿ ಬೈದಳು. ಏನು ಬೈದಳೋ, ಅವನು ಹತ್ತಿಸಿಕೊಂಡ.

ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿದರು. ಕೈಮೂಳೆ ಮುರಿದಿದೆ, ಆಪರೇಷನ್ ಮಾಡಬೇಕು ಎಂದರು. ನರ್ಸ್ ಅವಳತ್ತ ತಿರುಗಿ, "ಆಕ್ಸಿಡೆಂಟ್ ಕೇಸು, ಪೊಲೀಸ್‌ಗೆ ಹೇಳಿದೀವಿ, ಈಗ ಬರ್ತಾರೆ. ಕರ್ಕೊಂಡ್ ಬಂದೋರು ಇಲ್ಲೇ ಇರ್ಬೇಕು" ಎಂದಳು.

ಪೊಲೀಸ್ ಎಂಬ ಮಾತಿಗೆ ಅವಳ ಮುಖದ ಬಣ್ಣ ಹೋಯಿತು. ಹೋಗು ಎಂದು ನಾನು ಕಣ್ಸನ್ನೆ ಮಾಡಿದೆ. "ನೀ ಹೋಗವಾ, ನಾ ನೋಡ್ಕೋತೀನಿ" ಎಂದೂ ಅಂದೆ. ಹೋಗಲಿ ಎಂದು ಬಾಯಿ ಹೇಳುತ್ತಿತ್ತು. ಅವಳು ನಿಜವಾಗಿ ಹೋಗಿಬಿಡದಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಅವಳು ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತಳು.

ನರ್ಸ್ ಕೇಳಿದಳು: "ನೀವ್ ಇವರಿಗೆ ಏನಾಗ್ಬೇಕು?"

ನಂಟು ಕೇಳುವ ಮಾತು ಅದು. ಆದರೆ ಗೇಟಿನ ಪಾಠದಲ್ಲಿ ನಂಟಿನ ಮಾತು ಬಂದೇ ಇರಲಿಲ್ಲ. ಅವಳು ಒಂದೊಂದೇ ಪದ ಬಿಡಿಸಿ ಅರ್ಥ ಮಾಡಿಕೊಂಡು, ಎದ್ದು ನಿಂತು, ಬಹಳ ಗಂಭೀರವಾಗಿ ಹೇಳಿದಳು:

"ಏನ್ ಆಗ್ಬೇಕು ಹೇಳ್ರಿ. ನಾ ಆಗ್ತೀನ್ರಿ."

ನರ್ಸ್ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ವಿಮೋಚನೆ ಎಂಬ ಪದವನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮಗಾಗಿ ಒಬ್ಬನು ತನ್ನನ್ನೇ ಈಡಾಗಿ ಕೊಟ್ಟ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅದು ಎಂದೋ ಎಲ್ಲೋ ಆಗಿಹೋದ ಸಂಗತಿ ಎಂದುಕೊಂಡಿದ್ದೆ. ಈಗ ನನ್ನ ರಕ್ತ ಹತ್ತಿದ ಬಟ್ಟೆಯಲ್ಲಿ ಒಬ್ಬಳು ಪೊಲೀಸರ ದಾರಿ ಕಾಯುತ್ತ ನಿಂತಿದ್ದಳು; ಖಾಕಿ ಕಂಡರೆ ಗಾಡಿ ತಿರುಗಿಸುತ್ತಿದ್ದವಳು, ಆದರೂ ನಿಂತಿದ್ದಳು.

ಕಾನ್‌ಸ್ಟೇಬಲ್ ಬಂದರು. ಬೈಕಿನ ವಿಷಯ ನನ್ನಿಂದ ಕೇಳಿ ಬರೆದುಕೊಂಡರು. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವ್ಳು ಯಾರು? ಎಲ್ಲಿಯವ್ಳು?" ಎಂದರು. ಅವಳ ಕೈ ಕಾರ್ಡಿಗಾಗಿ ಕುರ್ತಾದೊಳಗೆ ಹೋಯಿತು, ಸಿಗದೆ ತಡಕಾಡಿತು.

ಸರಿಯಿದ್ದ ಕೈಯನ್ನು ಮಂಚಕ್ಕೆ ಊರಿ ಎದ್ದು ಕೂತೆ. ಆಫೀಸಿನಲ್ಲಿ ಕೂಡ ಅಷ್ಟು ಜೋರಾಗಿ ಮಾತಾಡಿದವಳಲ್ಲ.

"ಆಕಿ ನಮ್ಮಕಿ ಅದಾಳ್ರಿ. ಏನ್ ಕೇಳೂದೈತಿ, ನನ್ನ ಕೇಳ್ರಿ."

ಅವರು ನನ್ನ ಮುಖ ನೋಡಿದರು, ತಲೆಯ ಪಟ್ಟಿ ನೋಡಿದರು. "ಆಯ್ತಮ್ಮಾ, ಮಲ್ಕೊಳ್ಳಿ" ಎಂದು ನನ್ನ ಫೋನ್ ನಂಬರ್ ಬರೆದುಕೊಂಡು ಹೊರಟರು. ಬೂಟಿನ ಸದ್ದು ಪೂರ್ತಿ ಕೇಳದಾಗುವವರೆಗೂ ಅವಳು ಕದಲಲಿಲ್ಲ. ಆಮೇಲೆ ನನ್ನ ಹತ್ತಿರ ಬಗ್ಗಿ, ತಪ್ಪು ತಿಳಿಯಬೇಡಿ ಅನ್ನುವವಳಂತೆ ಮೆಲ್ಲಗೆ ಕೇಳಿದಳು.

"ಅಕ್ಕಾರ, ನಮ್ಮಕಿ ಅಂದ್ರ ಏನ್ರಿ?"

ಚೀಲ, ಬಾಟಲಿ, ನೀರು, ನಾಳೆ, ಬಾ, ಹೋಗು ಎಲ್ಲ ಕಲಿಸಿದ್ದೆ. ಅದೊಂದು ಮಾತನ್ನು ಕಲಿಸಿರಲಿಲ್ಲ. ಹೇಳಿಕೊಡಲೆಂದು ಬಾಯಿ ತೆರೆದೆ, ಅಳು ಬಂತು.