ಸೀರೆಯ ಒಳಮೈಯ ಗಂಟು

ಮೊನ್ನೆ ತಂಗಿಯ ಮಗಳು ಕೊಟ್ಟ ಹತ್ತಿ ಸೀರೆಯನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಒಳಮೈಯ ಮೇಲೆ ಕೈಯಾಡಿಸುತ್ತಿದ್ದಾಗ ಸೆರಗಿನ ಹತ್ತಿರ ಗಂಟೊಂದು ಸಿಕ್ಕಿತು. ಸಾಸಿವೆಗಿಂತ ಸಣ್ಣದು, ಮೇಲಿನಿಂದ ಕಾಣುವುದೇ ಇಲ್ಲ. ಬೆರಳು ಅಲ್ಲೇ ನಿಂತುಬಿಟ್ಟಿತು... ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು.

ಆಗ ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಕಾಕಾ ಹರೆಯದಲ್ಲೇ ಸೊಲ್ಲಾಪುರಕ್ಕೆ ಹೋಗಿ ಗಿರಣಿ ಸೇರಿದ್ದವರು. ಅಲ್ಲಿಯ ಯಂತ್ರ ಅವರ ಬಲಗೈಯನ್ನು ಮಣಿಕಟ್ಟಿನವರೆಗೆ ತಿಂದುಹಾಕಿತ್ತು. ಮಗ್ಗಗಳ ಗದ್ದಲಕ್ಕೆ ಕಿವಿಯೂ ಮಂದವಾಗಿತ್ತು. ಊರಿಗೆ ಮರಳಿದ ಮೇಲೆ ಕಾರ್ಮಿಕರ ವಿಮೆಯ ಮನಿಯಾರ್ಡರ್ ಗಡಿಯಾಚೆಯಿಂದ ತಿಂಗಳು ತಿಂಗಳು ಬರುತ್ತಿತ್ತು. ಅದರಿಂದ, ಮತ್ತೆ ಅವರ ಹೆಂಡತಿ ಕಾಕು ನೇಯುತ್ತಿದ್ದ ಸೀರೆಗಳಿಂದ ಮನೆ ನಡೆಯುತ್ತಿತ್ತು. ಆದರೆ ಹೋದ ಕೈ ಮತ್ತೆ ಚಿಗುರಿಲ್ಲ ಎಂದು ವರ್ಷಕ್ಕೊಮ್ಮೆ ಅಲ್ಲಿಗೆ ಬರೆದು ಕಳಿಸಬೇಕು! ಮರಾಠಿಯಲ್ಲಿ ಆ ಅರ್ಜಿ ಬರೆಯುವವಳು ನಾನು.

ಒಂದು ವರ್ಷ ಅರ್ಜಿ ಸಾಲಲಿಲ್ಲ. ಗಡಿ ದಾಟಿ ಊರಿಗೆ ಮರಳಿದವರು ಅಲ್ಲಿ ದುಡಿಯುತ್ತಿರಬಹುದು ಎಂದು ವಿಮೆಯ ಕಚೇರಿಗೆ ಗುಮಾನಿ. ನೋಡಿ ಬರಲು ಸಾಹೇಬರೊಬ್ಬರನ್ನು ಕಳಿಸಿದರು.

ಅವರು ಬರುವ ಮೊದಲೇ ಕಾಕಾನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದ್ದೆ. "ಸುಮ್ಮ ಕುಂದರ್ರಿ ಕಾಕಾ. ಕೇಳಿದ್ದಕ್ಕಷ್ಟ ಹೇಳ್ರಿ."

ಪಾಪ, ಕೂತೇ ಇದ್ದರು. ಸಾಹೇಬರು ಮೊಂಡುಗೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಾಕು ಮಗ್ಗ ನಿಲ್ಲಿಸಿ ಚಹಾ ಕಾಸಲು ಒಳಗೆ ಹೋದಳು. ಅಷ್ಟರಲ್ಲಿ ಕಾಕಾನ ಕಣ್ಣಿಗೆ ಮಗ್ಗದಲ್ಲಿ ಹರಿದು ಜೋತಾಡುತ್ತಿದ್ದ ಎಳೆಯೊಂದು ಬಿತ್ತು. ಮುಗಿಯಿತು! ನೇಕಾರರ ಮನೆಯಲ್ಲಿ ಹರಿದ ಎಳೆ ಕಂಡೂ ಕೂತವರುಂಟೇ? ಎದ್ದು ಹೋಗಿ ಮಗ್ಗದ ಕುಣಿಗೆ ಇಳಿದರು. ಎಳೆಯ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಎಡಗೈಯಲ್ಲಿ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗಂಟು ಬಿದ್ದಿತ್ತು.

"ವಾ!" ಎಂದರು ಸಾಹೇಬರು.

ಆಗ ನನ್ನ ಬಾಯಿಗೆ ಏನು ಬಡಿದಿತ್ತೋ! "ಇಷ್ಟು ಸಣ್ಣ ಗಂಟು, ಎರಡು ಕೈ ಇದ್ದವರೂ ಈ ಊರಲ್ಲಿ ಹಾಕಲಾರರು" ಎಂದು ಮರಾಠಿಯಲ್ಲಿ ಹೇಳಿದೆ. ಕೂಗಿ ಹೇಳಲಿಲ್ಲ, ಸಹಜವಾಗಿ ಹೇಳಿದೆ. ಕಾಕಾಗೆ ಕೇಳಿಸಲಿಲ್ಲ. ಸಾಹೇಬರು ಬರೆದುಕೊಂಡರು, ಚಹಾ ಕುಡಿದು ಹೋದರು.

ಮುಂದೆ ಬಂದದ್ದು ಮನಿಯಾರ್ಡರ್ ಅಲ್ಲ, ಕಾಗದ. ಈತ ನೇಕಾರಿಕೆ ಮಾಡಬಲ್ಲ, ನೆರವು ನಿಲ್ಲಿಸಲಾಗಿದೆ ಎಂದಿತ್ತು. ಮರಳಿ ಬರೆದೆ, ಮತ್ತೆ ಬರೆದೆ... ಉತ್ತರವಿಲ್ಲ. ನಮ್ಮ ಸರಕಾರವಾದರೂ ಅಂಗವಿಕಲರ ಪಗಾರ ಕೊಟ್ಟೀತೆಂದು ಕಾಕಾನನ್ನು ಕರೆದುಕೊಂಡು ಜಮಖಂಡಿಯ ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತಲಿಲ್ಲ.

"ಕೈ ಹೋಗಿದ್ದು ಮಹಾರಾಷ್ಟ್ರದಾಗ. ಅಲ್ಲೇ ಕೇಳ್ರಿ."

ನಾನು ಅದನ್ನು ಕಾಕಾನ ಕಿವಿಗೆ ಕೂಗಿದೆ. ಕಾಕಾ ನಕ್ಕರು. "ಹಂಗಾದ್ರ ಊರಿಗಿ ಬರೂ ಮುಂದ ಕೈನೂ ಕಟಗೊಂಡು ಬರಬೇಕಾಗಿತ್ತೇನ್ರೀ?"

ನಗುವ ಮಾತೇ? ಒಂದು ಕಚೇರಿಗೆ ಅವರ ಎಡಗೈ ಮಾತ್ರ ಕಂಡಿತು, ಇನ್ನೊಂದಕ್ಕೆ ಬಲಗೈ ಹೋದ ಊರು ಮಾತ್ರ.

ಕಾಕು ಎರಡು ಹೊತ್ತಿನ ಮಗ್ಗವನ್ನು ಮೂರು ಹೊತ್ತು ಮಾಡಿದಳು. ಹರಿದ ಎಳೆಗಳಿಗೆಲ್ಲ ಕಾಕಾನೇ ಗಂಟು ಹಾಕುತ್ತಿದ್ದರು. ಕೊನೆಯ ಬೇಸಿಗೆಯಲ್ಲಿ ಎದೆಯ ಬೇನೆಗೆ ಔಷಧ ತರಲೂ ಹಿಂದೆಮುಂದೆ ನೋಡುತ್ತಿದ್ದರು. ನೋಡಲು ಹೋದಾಗ ನನ್ನ ಕೈ ಹಿಡಿದು, "ನೀವು ಭಾಳ ಓಡ್ಯಾಡಿದ್ರಿ ಅಕ್ಕೋರ" ಎಂದರು. ನಾನು ತಲೆ ತಗ್ಗಿಸಿದೆ.

ಈಗ ನನಗೆ ಪಿಂಚಣಿ ಬರುತ್ತದೆ, ಯಾರೂ ಬಂದು ನನ್ನ ಕೈ ತಿರುಗಿಸಿ ನೋಡುವುದಿಲ್ಲ. ಸೀರೆ ಮಡಚಿಟ್ಟೆ, ಉಡಲು ಮನಸ್ಸಾಗಲಿಲ್ಲ. ಸಾಹೇಬರ ಮಾತು, ಗುಮಾಸ್ತನ ಮಾತು, ಎಲ್ಲವನ್ನೂ ಕಾಕಾನ ಕಿವಿಗೆ ಕೂಗಿ ಮುಟ್ಟಿಸಿದವಳು ನಾನು. ಆ ದಿನ ಸಾಹೇಬರಿಗೆ ನಾನಾಡಿದ ಮಾತೊಂದನ್ನು ಮಾತ್ರ ಹೇಳಲೇ ಇಲ್ಲ.