ನೊರಿಹಾಲಿನ ಬೆನ್ನು ಹತ್ತಿದಾಕಿ

ನಾಶಿಕದ ಅಂಬಡದಾಗ ಕಟ್ಟಡದ ಕೆಲಸಕ್ಕ ಬಂದು ಶೆಡ್ಡಿನಾಗ ಇದ್ವಿ, ಬಾಗಿಲಾಗ ಒಂದು ಆಡು ಕಟ್ಟಿದ್ವಿ. ನನ್ನ ಮಗಗ ಬಿಟ್ಟುಬಿಟ್ಟು ಜ್ವರ ಬರತಿತ್ತು. ಆಡಿನ ಹಸಿಹಾಲಿನಿಂದ ಬಂದದ್ದು ಅಂತ ದವಾಖಾನಿಯಾಗ ಹೇಳಿದ್ರು. ಮರುದಿನ ಅಲ್ಲಿಂದ ಒಬ್ಬ ಹುಡುಗಿ ಬಂದು ಮರಾಠಿಯಾಗ ಕೇಳಿದಳು.

“ಮತ್ತ ಯಾರಿಗೆ ಜ್ವರ ಐತ್ರಿ, ಆಜಿ?”

“ಯಾರಿಗೂ ಇಲ್ಲವಾ,” ಅಂದೆ. ಜಡ್ಡಾದವರನ್ನ ನಮ್ಮ ಕೂಲಿ ನೋಡ್ಕೊಳ್ಳೋ ಮುಕಾದಮ ಕೆಲಸ ಬಿಡಿಸಿ ಊರಿಗೆ ಕಳಸತಿದ್ದ.

ಆಕಿ ಆಡಿನ ಕಡೆ ನೋಡಿ ನಕ್ಕಳು. “ಇಷ್ಟು ಚಲೋ ಆಡಿನ ನೊರಿಹಾಲು ಮಗಗಷ್ಟ ಕುಡಿಸಿದ್ರೇನು?”

“ನಾವೇನ ಅಷ್ಟು ಜಿಪುಣರೇನವಾ? ಆ ಬಾಣಂತಿಗೆ, ಈ ಕಾವಲಿನ ಮುದುಕಗ...” ಅಂತ ಒಂದೊಂದs ಬಾಗಿಲಾ ತೋರಿಸಿದೆ.

ಅವನ್ನೆಲ್ಲಾ ಆಕಿ ತಟ್ಟಿದಳು. ಒಳಗ ಜ್ವರ ಮುಚ್ಚಿಟ್ಟು ಮಲಗಿದವರಿಗೆಲ್ಲಾ ಔಷಧ ಸಿಕ್ಕಿತು. ಮುಕಾದಮನ ಮುಂದ ಒಬ್ಬರ ಹೆಸರೂ ಎತ್ತಲಿಲ್ಲ, ಪುಣ್ಯಾತ್ಗಿತ್ತಿ!

ಜಡ್ಡು ಮುಚ್ಚಿಡಾಕ ಬರತೈತಿ ನೋಡ್ರಿ. ಕೊಟ್ಟದ್ದನ್ನ ಹೇಳದs ಇರಾಕ ಯಾವ ಮುದುಕಿಗೆ ಆಗತೈತಿ?